ಕನಿಕರವನ್ನು ಬದಿಗಿಟ್ಟು ಬರೆಯಿರಿ

ಬಸವನಗುಡಿ, ಬೆಂಗಳೂರು

ಪ್ರಿಯ ಕಿರಿಯ ಮಿತ್ರರಿಗೆ, ನಮಸ್ಕಾರ.

ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನೂ, ಪ್ರಕಾಶಕರು ಅದನ್ನು ಹಿಂದಿರುಗಿಸಿದ ಮೇಲೆ ಇನ್ನು ಬರೆಯುವುದೇ ಇಲ್ಲವೆಂದು ನೀವು ಹಾಕಿದ ಕಾಗದವನ್ನೂ ಓದಿದೆ. ಕಾಗುಣಿತ, ಅಧ್ಯಾಯಗಳ ಉದ್ದ, ಬೇರೆ ಪ್ರಕಾಶಕರ ವಿಳಾಸ, ಇವನ್ನೆಲ್ಲ ಯಾರಾದರೂ ಹೇಳಿಕೊಟ್ಟಾರು. ಟಿಬೆಟ್ಟಿನಿಂದ ಬೈಲಕುಪ್ಪೆಗೆ ನಿರಾಶ್ರಿತನಾಗಿ ಬಂದ ನಿಮ್ಮ ಕಥಾನಾಯಕನ ಮೇಲೆ, ಬಟ್ಟೆಯ ಮೇಲೆ ಬೌದ್ಧ ದೇವತೆಗಳನ್ನು ಬರೆಯುವ ಆ ತಂಕಾ ಚಿತ್ರಕಾರನ ಮೇಲೆ, ನಿಮಗೆ ಅಪಾರ ಕನಿಕರವಿದೆ. ಅವನ ಕಸುಬಿನ ಬಗ್ಗೆ ಕುತೂಹಲವೇ ಇಲ್ಲ.

ಕೋಪಿಸಿಕೊಳ್ಳಬೇಡಿ. ಪುಟಪುಟದಲ್ಲೂ ಅಳುವ ಆತ ಒಮ್ಮೆಯೂ ಬಣ್ಣ ಅರೆಯುವುದಿಲ್ಲ. ಬಟ್ಟೆಯನ್ನು ಮರದ ಚೌಕಟ್ಟಿಗೆ ದಾರದಿಂದ ಬಿಗಿದು, ಸೀಮೆಸುಣ್ಣದ ಪುಡಿಯನ್ನು ಚರ್ಮದ ಅಂಟಿನಲ್ಲಿ ಕಲಸಿ ಬಳಿದು, ಒಣಗಿದ ಮೇಲೆ ಕಲ್ಲಿನಿಂದ ಉಜ್ಜಿ ನುಣುಪು ಮಾಡಿ, ಅಳತೆಯ ಗೆರೆಗಳನ್ನೆಳೆದು, ಕಟ್ಟಕಡೆಗೆ ದೇವತೆಯ ಕಣ್ಣು ಬರೆಯುವ ಕಸುಬು ಅದು. 1960ರ ದಶಕದ ಆರಂಭದಲ್ಲಿ ಕಾಡು ಕಡಿದು ಊರು ಕಟ್ಟುತ್ತಿದ್ದಾಗ ಆ ಅಂಟು ಎಲ್ಲಿ ಸಿಕ್ಕಿತು? ನಮ್ಮ ಮಳೆಗಾಲದಲ್ಲಿ ಬಟ್ಟೆ ಒಣಗಿತೇ? ಹಗಲೆಲ್ಲ ಮುಸುಕಿನ ಜೋಳದ ಹೊಲದಲ್ಲಿ ದುಡಿದ ಕೈ ಸಂಜೆ ನಡುಗದೆ ಕುಂಚ ಹಿಡಿಯಿತೇ?

ಹಿಟ್ಲರನ ಕಾಲದಲ್ಲಿ ಯುರೋಪು ಬಿಟ್ಟು 1934ರಲ್ಲಿ ಮುಂಬಯಿಗೆ ಬಂದ ಯಹೂದಿ ಸಂಗೀತಗಾರ ವಾಲ್ಟರ್ ಕೌಫ್‌ಮನ್ ಅವರಿಗೆ ಇಲ್ಲಿನ ಸಂಗೀತ ಮೊದಲು ಹತ್ತಲೇ ಇಲ್ಲ; ಗ್ರಾಮಫೋನ್ ತಟ್ಟೆಗಳನ್ನು ಮತ್ತೆ ಮತ್ತೆ ಕೇಳಿ ಕಿವಿ ಪಳಗಿಸಿಕೊಂಡರು. ನಾವೆಲ್ಲ ಕೇಳಿ ಬೆಳೆದ ಆಕಾಶವಾಣಿಯ ಆರಂಭದ ರಾಗ ಅವರದೆಂದೇ ಪ್ರಸಿದ್ಧ. ಮುಂದೆ ಅಮೆರಿಕದಲ್ಲಿ ನೆಲೆಸಿ ಹಿಂದೂಸ್ತಾನಿ ರಾಗಗಳ ಮೇಲೆ ಗ್ರಂಥವನ್ನೇ ಬರೆದರು. ಅವರ ಬದುಕನ್ನು ಬರೆಯುವವರಿಗೆ ಹಿಟ್ಲರನಷ್ಟೇ ಆ ತಟ್ಟೆಗಳೂ ಮುಖ್ಯವಾಗಬೇಕು.

ಈ ವಿಷಯದಲ್ಲಿ ನನ್ನದೊಂದು ಹಳೆಯ ಸಿಟ್ಟಿದೆ. ನಮ್ಮ ನಗರದ ಸಭೆಯೊಂದರಲ್ಲಿ, ದೇಶ ಬಿಟ್ಟು ಬಂದ ಆಫ್ಘನ್ ರಬಾಬ್ ವಾದಕರ ಕಷ್ಟಗಳನ್ನು ಅರ್ಧ ಗಂಟೆ ವರ್ಣಿಸಿದ ಸಂಘಟಕರು ನುಡಿಸಲು ಉಳಿಸಿದ್ದು ಹತ್ತೇ ನಿಮಿಷ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಬಂದವು. ಸಂಭಾವನೆಯ ಮಾತು ಬರಲಿಲ್ಲ. ಕಣ್ಣೊರೆಸಿಕೊಂಡು ಎದ್ದ ಸಭಿಕರಲ್ಲಿ ಒಬ್ಬರೂ ಮುಂದಿನ ಕಛೇರಿ ಎಲ್ಲೆಂದು ಕೇಳಲಿಲ್ಲ.

ನಿಮ್ಮ ಮೂರನೆಯ ಅಧ್ಯಾಯದಲ್ಲಿ ಆತ ಕೂಲಿಯ ದುಡ್ಡಿನಲ್ಲಿ ಕುಂಚ ಕೊಳ್ಳಲು ಮೈಸೂರಿಗೆ ಹೋಗಿ ಅಂಗಡಿಯವನೊಡನೆ ಚೌಕಾಸಿಗಿಳಿಯುವ ಅರ್ಧ ಪುಟವಿದೆ. ಅಲ್ಲಿ ಆತ ನಿಜವಾಗಿ ಜೀವಂತನಾಗಿದ್ದಾನೆ, ನೀವೂ ಬರಹಗಾರರಾಗಿದ್ದೀರಿ; ಆ ಅರ್ಧ ಪುಟಕ್ಕಾಗಿಯೇ ಇಷ್ಟು ಬರೆದೆ. ಬೈಲಕುಪ್ಪೆಗೆ ಹೋಗಿ, ಅವರು ಒಪ್ಪಿದರೆ, ಚಿತ್ರ ಬರೆಯುವವರ ಪಕ್ಕದಲ್ಲಿ ಕೆಲವು ದಿನ ಕುಳಿತು ನೋಡಿ. ಊರು ಬಿಟ್ಟ ಕಥೆಯನ್ನು ನೀವಾಗಿ ಕೆದಕಬೇಡಿ. ಮೊದಲೆರಡು ಅಧ್ಯಾಯಗಳನ್ನು ತೆಗೆದುಹಾಕಿ, ಆ ಚೌಕಾಸಿಯಿಂದಲೇ ಕಾದಂಬರಿಯನ್ನು ಆರಂಭಿಸಿ, ದೀಪಾವಳಿಯೊಳಗೆ ನನಗೆ ಕಳುಹಿಸಿಕೊಡಿ.