ಸೀನಂಗೊಂದು ಪತ್ರ: ಸೇಂಟ್ ಲೂಸಿಯಾಗೆ ಒಂದೇ ದಿನಕ್ಕೆ ಬರಬೇಡ ಕಣೋ

ಲೋ ಸೀನ,

ನಿನ್ನ ಸೌತ್ ಆಫ್ರಿಕಾ ಪ್ಲ್ಯಾನ್ ಓದಿದೆ. ಬೆಳಗ್ಗೆ ಡರ್ಬನ್ ಬಿಟ್ಟು ಮಧ್ಯಾಹ್ನದೊಳಗೆ ಹ್ಲುಹ್ಲುವೆ ಕಾಡಲ್ಲಿ ಬಿಗ್ ಫೈವ್ (ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ) ಮುಗಿಸಿ, ಸಂಜೆ ಸೇಂಟ್ ಲೂಸಿಯಾದಲ್ಲಿ ಬೋಟ್ ಹತ್ತಿ, ರಾತ್ರಿ ಊಟಕ್ಕೆ ವಾಪಸ್ ಡರ್ಬನ್ ಅಂತ ಬರ್ದಿದ್ದೀಯಲ್ಲ, ಹಂಗೆ ಮಾಡಿದ್ರೆ ನೀನು ಜಾಸ್ತಿ ನೋಡೋದು ಎನ್2 ಹೈವೇನೇ. ಹೋಗಕ್ಕೇ ಎರಡೂವರೆ ಮೂರು ಗಂಟೆ ಬೇಕು. ಹ್ಲುಹ್ಲುವೆಗೆ ಬೇರೆ ದಿನ ಇಟ್ಕೊ, ಸಿಂಹ ಘೇಂಡಾಮೃಗ ಎಲ್ಲ ಅಲ್ಲಿ ನೋಡು. ಸೇಂಟ್ ಲೂಸಿಯಾ ಊರಲ್ಲಿ ಮಾತ್ರ ಎರಡು ರಾತ್ರಿನಾದ್ರೂ ಉಳ್ಕೊ, ಮೂರಾದ್ರೆ ಇನ್ನೂ ಒಳ್ಳೇದು, ಯಾಕೆ ಅಂತ ಹೇಳ್ತೀನಿ ಕೇಳು.

ಈ ಊರಿನ ಸುತ್ತ ಇರೋ ಇಸಿಮಂಗಲಿಸೊ ವೆಟ್‌ಲ್ಯಾಂಡ್ ಪಾರ್ಕ್ ಅಂದ್ರೆ ಒಂದು ಕಾಡಲ್ಲ. ಸೇಂಟ್ ಲೂಸಿಯಾದಿಂದ ಮೊಜಾಂಬಿಕ್ ಗಡಿವರೆಗೂ ಸುಮಾರು 220 ಕಿಲೋಮೀಟರ್ ಕರಾವಳಿ, ಅದ್ರ ಹಿಂದೆ ಮರಳುಗುಡ್ಡದ ಮೇಲೆ ಬೆಳೆದ ಕಾಡು, ಅದ್ರ ಹಿಂದೆ ಅಳಿವೆ, ಕೆರೆ, ಜೌಗು, ಆಮೇಲೆ ಹುಲ್ಲುಗಾವಲು, ಎಲ್ಲ ಪಕ್ಕಪಕ್ಕಕ್ಕೇ ಇದೆ. 1999ರಲ್ಲಿ ಯುನೆಸ್ಕೊ ಲಿಸ್ಟ್ ಸೇರ್ತು, ಸೌತ್ ಆಫ್ರಿಕಾದ ಮೊದಲ ವಿಶ್ವ ಪರಂಪರೆ ತಾಣಗಳಲ್ಲಿ ಇದೂ ಒಂದು. 500ಕ್ಕೂ ಹೆಚ್ಚು ಜಾತಿ ಹಕ್ಕಿ ಇದಾವೆ. ಕಾರಲ್ಲಿ ಹೋದ್ರೆ ಒಂದು ಪಾರ್ಕು, ಬೋಟಲ್ಲಿ ಹೋದ್ರೆ ಇನ್ನೊಂದು, ರಾತ್ರಿ ಬೀಚಿಗೆ ಹೋದ್ರೆ ಮತ್ತೊಂದೇ. ಅದಕ್ಕೇ ಅಷ್ಟು ದಿನ ಅಂದಿದ್ದು.

ಮೊದ್ಲು ಕಾರಿಂದೇ ಹೇಳ್ತೀನಿ. ಕಬಿನಿಲಿ ನಮ್ಮನ್ನೆಲ್ಲ ಜೀಪಲ್ಲಿ ತುಂಬ್ಕೊಂಡು ಡ್ರೈವರ್ ಹೇಳಿದ ಕಡೆ ಕತ್ತು ತಿರುಗಿಸಿ ನೋಡ್ತಾ ಕೂರ್ತಿದ್ವಲ್ಲ, ಇಲ್ಲಿ ಹಂಗಿಲ್ಲ. ನಿನ್ನದೇ ಬಾಡಿಗೆ ಕಾರು, ಗೇಟಲ್ಲಿ ದುಡ್ಡು ಕಟ್ಟಿ ಒಳಗೆ ಹೋಗು, ಎಲ್ಲಿ ಬೇಕೋ ಅಲ್ಲಿ ಎಂಜಿನ್ ಆಫ್ ಮಾಡ್ಕೊಂಡು ಕೂತ್ಕೊ. ಡ್ರೈವಿಂಗೂ ನಮ್ಮ ಥರ ಎಡಗಡೆಗೇ. ಪಾರ್ಕಿನ ಈಸ್ಟರ್ನ್ ಶೋರ್ಸ್ ಭಾಗದ ಗೇಟಿಂದ ಕೇಪ್ ವಿಡಾಲ್ ಬೀಚ್‌ವರೆಗೂ ಟಾರ್ ರಸ್ತೆ, ಸುಮಾರು 30 ಕಿಲೋಮೀಟರ್, ಮಧ್ಯೆ ಮಧ್ಯೆ ಕಚ್ಚಾ ರಸ್ತೆ ಲೂಪ್‌ಗಳು, ಸಾಧಾರಣ ಕಾರ್ ಸಾಕು. ಎಲ್ಲರೂ ಬೀಚ್ ಬೀಚ್ ಅಂತ ಟಾರ್ ರಸ್ತೆಲೇ ಓಡ್ತಾರೆ, ನೀನು ಲೂಪ್‌ಗಳನ್ನ ಬಿಡಬೇಡ, ಕುಡು ಜಿಂಕೆ, ಕಾಡೆಮ್ಮೆ, ಅದೃಷ್ಟ ಇದ್ರೆ ಘೇಂಡಾಮೃಗ ಎಲ್ಲ ಆ ಕಡೆನೇ ಸಿಗೋದು. ಆನೆನ 2001ರಲ್ಲಿ ವಾಪಸ್ ತಂದು ಬಿಟ್ಟಿದ್ದು, ಚಿರತೆ ಇದೆ, ಕತ್ತೆಕಿರುಬ ಇದೆ, ಅದಕ್ಕೆ ಬೋರ್ಡ್ ಹಾಕಿರೋ ಜಾಗ ಬಿಟ್ಟು ಬೇರೆಲ್ಲೂ ಕಾರಿಂದ ಇಳಿಬಾರ್ದು, ಮಗುಗೆ ಈಗಿಂದಾನೇ ಹೇಳಿಟ್ಟಿರು.

ದಾರಿಲಿ ಬಲಗಡೆ ಎತ್ತರದ ಕಾಡು ಕಾಣತ್ತಲ್ಲ, ಅದು ಬೆಟ್ಟ ಅಲ್ಲ, ಪೂರ್ತಿ ಮರಳು. ಮೇಲೆ ಕಾಡು ಬೆಳೆದಿರೋ ಮರಳುಗುಡ್ಡಗಳಲ್ಲಿ ಪ್ರಪಂಚದಲ್ಲೇ ಎತ್ತರದವು ಅಂತ ಇವನ್ನ ಲೆಕ್ಕ ಹಾಕ್ತಾರೆ. ಆ ಮರಳಲ್ಲಿ ಟೈಟಾನಿಯಂ ಇದೆ ಅಂತ 80ರ ದಶಕದ ಕೊನೆಲಿ ಗಣಿ ಮಾಡಕ್ಕೆ ಹೊರಟಿದ್ರು, ದೇಶದ ತುಂಬ ದೊಡ್ಡ ಗಲಾಟೆ ಆಗಿ ಕೊನೆಗೆ 1996ರಲ್ಲಿ ಮಂಡೇಲಾ ಸರ್ಕಾರ ಗಣಿ ಬೇಡ ಅಂತು. ಸಾವಿರಾರು ಎಕರೆ ಪೈನ್ ಪ್ಲಾಂಟೇಶನ್ ಇತ್ತು, ಅದನ್ನೂ ಕಡಿದು ಹಾಕಿದ್ರು, ಈಗ ನೀನು ನೋಡೋ ಹುಲ್ಲುಗಾವಲಲ್ಲಿ ಎಷ್ಟೋ ಭಾಗ ಹಂಗೆ ವಾಪಸ್ ಬಂದಿದ್ದು.

ಕೇಪ್ ವಿಡಾಲ್‌ನಲ್ಲಿ ಕಾರ್ ಗ್ಲಾಸ್ ಇಳಿಸಿ ಹೋಗಬೇಡ, ಕೋತಿಗಳು ಚಪಾತಿ ಡಬ್ಬಿ ಸಮೇತ ಎತ್ಕೊಂಡ್ ಹೋಗ್ತವೆ. ಸಮುದ್ರ ಇಳಿತ ಇರೋವಾಗ ಈಜು ಬರೋವ್ರು ಬಂಡೆಗಳ ಮಧ್ಯೆ ಸ್ನಾರ್ಕ್ಲಿಂಗ್ ಮಾಡಬಹುದು.

ಬೋಟ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ನಿಮ್ಮಮ್ಮನಿಗೆ ಮಂಡಿ ನೋವು ಅಂದಿದ್ದೆ, ಅವರಿಗೆ ಇದಕ್ಕಿಂತ ಒಳ್ಳೇದು ಬೇರೆ ಇಲ್ಲ. ಎರಡು ಗಂಟೆ ಆರಾಮಾಗಿ ಕೂತ್ಕೊಂಡು ಅಳಿವೆ ಮೇಲೆ ಹೋಗಿ ಬರೋದು. ಇಲ್ಲಿ ಸುಮಾರು 800 ಹಿಪ್ಪೊ ಇದಾವೆ, ಮೊಸಳೆ ಸಾವಿರದ ಮೇಲೆ. ಹಿಪ್ಪೊಗಳು ಗುಂಪಾಗಿ ಕಿವಿ ಮೂಗು ಮಾತ್ರ ಮೇಲಿಟ್ಕೊಂಡು ಬಿದ್ದಿರ್ತವೆ, ಮೊದಲು ಕಲ್ಲು ಅನ್ಸತ್ತೆ, ಆಮೇಲೆ ಒಂದು ಉಸಿರು ಬಿಡತ್ತೆ ನೋಡು, ಬೋಟಲ್ಲಿರೋ ಮಕ್ಕಳೆಲ್ಲ ಅಮ್ಮನ ತೊಡೆ ಮೇಲೆ. ದಡದಲ್ಲಿ ಜೊಂಡು, ಕಾಂಡ್ಲಾ ಗಿಡ, ಮೇಲೆ ಫಿಶ್ ಈಗಲ್. ಇದೇ ನೀರಲ್ಲಿ ಬುಲ್ ಶಾರ್ಕೂ ಬರತ್ತೆ, ಹಂಗಾಗಿ ಕೈ ಹೊರಗೆ ಹಾಕೋದು, ಕಾಲು ತೊಳೆಯೋದು ಏನೂ ಬೇಡ. ಸಂಜೆ ಟ್ರಿಪ್ಪಿಗೇ ಬುಕ್ ಮಾಡು, ಮಧ್ಯಾಹ್ನ ಬಿಸಿಲಿಗೆ ಹಿಪ್ಪೊಗಳು ಅಲ್ಲಾಡಲ್ಲ.

ಬೋಟಲ್ಲಿ ಗೈಡ್ ಹಿಪ್ಪೊ ಎಣಿಸ್ತಾನೆ, ನೀರಿನ ಕಥೆ ಪೂರ್ತಿ ಹೇಳಲ್ಲ, ಅದನ್ನ ನಾನು ಹೇಳ್ತೀನಿ. ಪಕ್ಕದ ಉಂಫೊಲೊಜಿ ನದಿ ಮೊದಲು ಈ ಅಳಿವೆಯ ಹಿಂದಿರೋ ಸೇಂಟ್ ಲೂಸಿಯಾ ಕೆರೆ ಜೊತೆ ಸೇರಿ ಒಂದೇ ಬಾಯಲ್ಲಿ ಸಮುದ್ರ ಸೇರ್ತಿತ್ತು. ನದಿ ಬಯಲಲ್ಲಿ ಕಬ್ಬು ಬೆಳೆಯಕ್ಕೆ ಶುರು ಮಾಡಿ, ಜೌಗು ಒಣಗಿಸಿ ಕಾಲುವೆ ತೋಡಿದ್ರು (ಈ ನಟಾಲ್ ಪ್ರಾಂತ್ಯಕ್ಕೆ 1860ರಿಂದ ನಮ್ಮ ದೇಶದವ್ರನ್ನ ಹಡಗಲ್ಲಿ ಕೂಲಿಗೆ ತಂದಿದ್ದೂ ಕಬ್ಬಿಗೇನೇ ಅನ್ನೋದು ಬೇರೆ ವಿಷಯ), ಮೊದಲು ಜೌಗಲ್ಲೇ ನಿಂತು ಹೋಗ್ತಿದ್ದ ಹೂಳು ಸೀದಾ ಅಳಿವೆ ಬಾಯಿಗೆ ಬಂತು. ಕೆರೆ ಮುಚ್ಚೋಗತ್ತೆ ಅಂತ 50ರ ದಶಕದಲ್ಲಿ ನದಿನೇ ಬೇರೆ ಮಾಡಿದ್ರು. ಹೂಳೇನೋ ನಿಂತ್ತು, ಆದ್ರೆ ಸಿಹಿನೀರೂ ನಿಂತ್ತು. ಬರಗಾಲ ಬಂದಾಗಲೆಲ್ಲ ಕೆರೆ ಸಮುದ್ರಕ್ಕಿಂತ ಉಪ್ಪಾಗೋದು, 2006ರ ಹೊತ್ತಿಗಂತೂ ಬಹುಪಾಲು ಒಣಗೇ ಹೋಗಿತ್ತು. 2012ರಿಂದ ನದಿನ ಮತ್ತೆ ಸೇರಿಸಕ್ಕೆ ಶುರು ಮಾಡಿದ್ರು. 2021 ಜನವರಿಲಿ ಮಷೀನ್ ಇಟ್ಟು, ಮರಳಿಂದ ಮುಚ್ಚಿದ್ದ ಅಳಿವೆ ಬಾಯಿ ತೆಗೆದ್ರು, ತೆಗೀಬೇಕಿತ್ತು ಅನ್ನೋವ್ರು, ತಾನಾಗೇ ಒಡೆಯೋವರೆಗೂ ಬಿಡಬೇಕಿತ್ತು ಅನ್ನೋವ್ರು, ಎರಡು ಪಾರ್ಟಿ ಆಯ್ತು. ನಂಗೆ ಎರಡನೇಯವ್ರ ಮಾತೇ ಸರಿ ಅನ್ಸತ್ತೆ, ಆದ್ರೆ ಬಾಯಿ ಮುಚ್ಚಿ ನೀರು ಹಿಂದಕ್ಕೆ ನಿಂತು ಹೊಲ ಮುಳುಗಿದ ರೈತನ ಮುಂದೆ ನಿಂತು ಹಂಗೆ ಹೇಳಕ್ಕೆ ನಂಗೂ ಧೈರ್ಯ ಇಲ್ಲ.

ಕತ್ತಲಾದ್ಮೇಲೆ ಊರಲ್ಲಿ ಹುಷಾರು. ಹಿಪ್ಪೊಗಳು ರಾತ್ರಿ ಹುಲ್ಲು ಮೇಯಕ್ಕೆ ನೀರಿಂದ ಎದ್ದು ಊರೊಳಗೆ ಬರ್ತವೆ, ಗೆಸ್ಟ್ ಹೌಸ್ ಲಾನಿಗೂ ಬರ್ತವೆ, ಮೇನ್ ರೋಡಿಗೂ ಬರ್ತವೆ. ಊಟ ಮುಗಿಸ್ಕೊಂಡು ವಾಕಿಂಗ್ ಅಂತ ಹೊರಡೋ ನಿನ್ನ ಅಭ್ಯಾಸ ಇಲ್ಲಿ ಬಂದ್, ಎರಡು ಬೀದಿ ದಾಟಬೇಕಂದ್ರೂ ಕಾರಲ್ಲೇ ಹೋಗು. ಅಷ್ಟು ದಪ್ಪ ಪ್ರಾಣಿ ಏನ್ ಓಡತ್ತೆ ಅನ್ಕೋಬೇಡ, ನಿನಗಿಂತ ಜೋರಾಗೇ ಓಡತ್ತೆ. ಕಾರಿಂದ ನೋಡಿದ್ರೆ ಮಾತ್ರ ಪುಕ್ಕಟೆ ಸಫಾರಿ.

ನಡೆಯೋದಾದ್ರೆ ಗೈಡ್ ಜೊತೆ. ಉಮ್ಖುಜೆ ಅಂತ ಒಳನಾಡಿನ ಭಾಗ ಇದೆ, ಅಲ್ಲಿ ಅತ್ತಿ ಮರದ ಕಾಡಲ್ಲಿ ರೇಂಜರ್ ಕರ್ಕೊಂಡು ಹೋಗ್ತಾರೆ, ನಮ್ಮ ಅತ್ತಿಮರದ ಜಾತಿದೇ, ಆದ್ರೆ ತುದಿ ನೋಡ್ಬೇಕಂದ್ರೆ ಕತ್ತು ನೋಯೋವರೆಗೂ ಎತ್ತಿ ನೋಡ್ಬೇಕು. ನೀರಿನ ಹೊಂಡದ ಪಕ್ಕ ಮರೆ ಕಟ್ಟಿದ್ದಾರೆ, ಒಳಗೆ ಸುಮ್ಮನೆ ಕೂತ್ರೆ ಪ್ರಾಣಿಗಳೇ ಬರ್ತವೆ, ನಿನ್ನ ಕ್ಯಾಮೆರಾಗೆ ಹಬ್ಬ. ಅಮ್ಮನಿಗೆ ಅಷ್ಟು ದೂರ ಬೇಡ, ಅವರಿಗೆ ವೆಸ್ಟರ್ನ್ ಶೋರ್ಸ್‌ನಲ್ಲಿ ಮರಗಳ ಎತ್ತರಕ್ಕೆ ಹಲಗೆ ಹಾಸಿರೋ ಬೋರ್ಡ್‌ವಾಕ್ ಇದೆ, ಆ ಕಡೆ ಜಿರಾಫೆನೂ ಜಾಸ್ತಿ.

ಪಾರ್ಕಿನ ಉತ್ತರದ ಕಡೆ ಇರೋ ಸೊಡ್ವಾನಾ ಬೇ ಡೈವಿಂಗ್‌ನವ್ರ ಜಾಗ. 2000ದಲ್ಲಿ ಅಲ್ಲಿನ ಆಳದ ಕಣಿವೆಲಿ ಡೈವರ್‌ಗಳಿಗೆ ಸೀಲಕಾಂತ್ ಮೀನು ಜೀವಂತ ಸಿಕ್ತು, 1938ರವರೆಗೂ ಡೈನೋಸಾರ್ ಕಾಲದಲ್ಲೇ ಅಳಿದು ಹೋಗಿತ್ತು ಅನ್ಕೊಂಡಿದ್ದ ಮೀನದು. ನೀನು ಈಜಲ್ಲ, ಬಿಡು. ಮೊಜಾಂಬಿಕ್ ಗಡಿ ಹತ್ರ ಇರೋ ಕೋಸಿ ಬೇ ಮಾತ್ರ ಮುಂದಿನ ಸಲಕ್ಕೆ ಅಂತ ಮನಸಲ್ಲಿಟ್ಕೊ, ಅಲ್ಲಿ ತ್ಸೊಂಗಾ ಜನ ಕಡ್ಡಿ ಬೇಲಿ ಕಟ್ಟಿ ಮೀನು ಹಿಡಿಯೋದು ತಲೆತಲಾಂತರದಿಂದ ನಡ್ಕೊಂಡ್ ಬಂದಿದೆ, ಆ ಬೇಲಿಗಳು ಅಪ್ಪನಿಂದ ಮಗನಿಗೆ ಹೋಗ್ತವೆ. ಫೋರ್ ಬೈ ಫೋರ್ ಗಾಡಿ ಬೇಕು, ದೂರನೂ ಜಾಸ್ತಿ.

ಈಗ ಯಾವಾಗ ಬರೋದು ಅನ್ನೋದು. ನೀನು ಏಪ್ರಿಲ್-ಮೇ ರಜೆ ಅಂದಿದ್ದೀಯ. ಬೋಟು, ಕಾರು, ಹಿಪ್ಪೊ ಎಲ್ಲ ಆಗತ್ತೆ, ಹವಾನೂ ಹಿತವಾಗಿರತ್ತೆ, ಆದ್ರೆ ಎರಡು ದೊಡ್ಡ ವಿಷಯ ತಪ್ಪೋಗತ್ತೆ. ಒಂದು ಕಡಲಾಮೆ. ಲಾಗರ್‌ಹೆಡ್ಡು, ಲೆದರ್‌ಬ್ಯಾಕು ಎರಡೂ ನವೆಂಬರಿಂದ ಮೊಟ್ಟೆ ಇಡಕ್ಕೆ ಬರ್ತವೆ, ಮಾರ್ಚ್‌ವರೆಗೂ ಮರಿಗಳು ಹೊರಗೆ ಬರ್ತಿರ್ತವೆ. 1963ರಿಂದ ಅವುಗಳ ಲೆಕ್ಕ ಇಟ್ಕೊಂಡು ಕಾಯ್ತಿದ್ದಾರೆ ಇಲ್ಲಿ. ಬೀಚ್ ಮೇಲೆ ಗಾಡಿ ಓಡ್ಸೋದು ಸಾರ್ವಜನಿಕರಿಗೆ ಬಂದ್ ಆಗಿರೋದ್ರಿಂದ ಲೈಸೆನ್ಸ್ ಇರೋ ಟೂರ್‌ನವ್ರ ಜೊತೆನೇ ರಾತ್ರಿ ಹೋಗ್ಬೇಕು, ಗಂಟೆಗಟ್ಲೆ ಕಾಯ್ಬೇಕು, ಒಂದೂ ಸಿಗದೇ ಇರಬಹುದು. ಇನ್ನೊಂದು ತಿಮಿಂಗಿಲ, ಹಂಪ್‌ಬ್ಯಾಕ್‌ಗಳು ಜೂನಿಂದ ನವೆಂಬರ್‌ವರೆಗೂ ಈ ದಡದ ಪಕ್ಕದಲ್ಲೇ ಹೋಗಿ ಬರ್ತವೆ. ಹಂಗಾಗಿ ದಸರಾ ರಜೆಗೆ ಬಾ. ಆಮೆ ಸಿಗಲ್ಲ, ತಿಮಿಂಗಿಲ ಮರಿ ಜೊತೆ ವಾಪಸ್ ಹೋಗ್ತಿರೋದು ಸಿಗತ್ತೆ, ಗುಡ್ಡದ ಮೇಲಿಂದಾನೇ ನೀರು ಚಿಮ್ಮೋದು ಕಾಣತ್ತೆ, ತಿಮಿಂಗಿಲಕ್ಕೆ ಅಂತ ಅಮ್ಮ ಬೋಟ್ ಹತ್ತಲೇಬೇಕು ಅಂತೇನಿಲ್ಲ. ಸುಮಾಗೆ ಆಮೆನೇ ಬೇಕು ಅಂದ್ರೆ ಮಗು ಸ್ಕೂಲಿಗೆ ರಜೆ ಹಾಕಿ ಜನವರಿ ಕೊನೆಗೆ ಬನ್ನಿ, ಸೆಖೆ ಮಳೆ ಎರಡೂ ಇರತ್ತೆ, ಮಲೇರಿಯಾ ರಿಸ್ಕ್ ಸ್ವಲ್ಪ ಇರತ್ತೆ, ಡಾಕ್ಟ್ರನ್ನ ಕೇಳ್ಕೊಂಡೇ ಹೊರಡಿ. ಡಿಸೆಂಬರ್ ಮಾತ್ರ ಬೇಡ, ಇಲ್ಲಿನವ್ರಿಗೆಲ್ಲ ರಜೆ, ರೂಮ್ ಸಿಗಲ್ಲ, ಸಿಕ್ಕಿದ್ರೂ ರೇಟ್ ಕೇಳಿದ್ರೆ ತಲೆ ತಿರುಗತ್ತೆ.

ಊಟದ ಚಿಂತೆ ಬೇಡ, ಅಡುಗೆಮನೆ ಇರೋ ರೂಮ್‌ಗಳು ಸಿಗ್ತವೆ, ಡರ್ಬನ್‌ನಲ್ಲೇ ಅಕ್ಕಿ ಬೇಳೆ ಮಸಾಲೆ ಎಲ್ಲ ಕಾರಿಗೆ ತುಂಬ್ಕೊಂಡು ಹೋಗೋಣ, ನಾನೂ ಬರ್ತೀನಿ, ಆಫೀಸಿಗೆ ರಜೆ ಹೇಳ್ಬೇಕು. ಸ್ಕೂಲಿಂದ ದಸರಾ ರಜೆ ತಾರೀಖು ಬಂದ ತಕ್ಷಣ ಕಳ್ಸು, ವೀಸಾಗೆ ಟೈಮ್ ಹಿಡಿಯತ್ತೆ, ಅದಕ್ಕೆ ಅರ್ಜಿ ಈಗಲೇ ಶುರು ಮಾಡು. ಅಮ್ಮನಿಗೆ ನಮಸ್ಕಾರ ಹೇಳು.

ಇಂತಿ ನಿನ್ನ,
ರಾಘು