ಅವ್ವನ ಹೆಬ್ಬೆಟ್ಟು, ಅಕ್ಕೋರ ಆರು ಸಾವಿರ

ಕಳೆದ ವಾರ ನನ್ನ ಪಿಎಚ್‌.ಡಿ. ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ, ಮುಗಿಯಿತು. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ರಾತ್ರಿ ಒಂಬತ್ತಾಗಿತ್ತು, ಜೋರು ಮಳೆ. ಅಪ್ಪ ಕೊಡೆ ಹಿಡಿದು ನಿಂತಿದ್ದ. "ಆಯ್ತಾ?" ಅಂದ. "ಆಯ್ತು" ಅಂದೆ. ನಮ್ಮ ಮನೆಯಲ್ಲಿ ಇದಕ್ಕಿಂತ ಜಾಸ್ತಿ ಮಾತಿಲ್ಲ. ಆರು ವರ್ಷ ನನ್ನನ್ನು ಬೀಳದ ಹಾಗೆ ಹಿಡಿದವರಿಗೆ ಒಬ್ಬೊಬ್ಬರಿಗೇ ಫೋನು ಮಾಡಿ ಹೇಳೋಣ ಅಂದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಕೊನೆಗೌಡ, ಅಂದರೆ ಅಡಿಕೆ ಗೊನೆ ಇಳಿಸುವವನು. ಮೊಣಕಾಲು ನೋವು ಶುರುವಾಗುವ ತನಕ ಮೂವತ್ತು ವರ್ಷ ಊರವರ ತೋಟಗಳಲ್ಲಿ ಅಡಿಕೆ ಮರ ಹತ್ತಿ ಕೊನೆ ಇಳಿಸಿದವನು. ಅವ್ವ ಅದೇ ಅಡಿಕೆ ಸುಲಿಯುವವಳು. ಅಪ್ಪನ ಕೂಲಿ ಮರ ಹತ್ತುವ ಮೊದಲೇ ಮಾತಾಗುತ್ತಿತ್ತು. ಅವ್ವನ ಕೂಲಿ, ಸುಲಿದು ಮುಗಿದ ಮೇಲೆ ಅಳೆದು ಕೊಡುವುದು. ಅಪ್ಪನದು ಜೀವ ಕೈಯಲ್ಲಿ ಹಿಡಿದು ಮಾಡುವ ಕೆಲಸ, ಅದಕ್ಕೆ ಒಳ್ಳೆಯ ಕೂಲಿ ಸಿಗಲೇಬೇಕು. ಆದರೆ ರಾತ್ರಿ ಹನ್ನೊಂದರ ತನಕ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತ ಅವ್ವನ ಹೊತ್ತಿಗೆ ಯಾಕೆ ಬೆಲೆ ಇಲ್ಲ? ಈ ಪ್ರಶ್ನೆ ನನಗೆ ಪುಸ್ತಕದಲ್ಲಿ ಸಿಕ್ಕಿದ್ದಲ್ಲ, ಹತ್ತನೇ ಕ್ಲಾಸಿನಲ್ಲಿ ಅವಳ ಪಕ್ಕ ಕೂತು ಓದುವಾಗ ಹುಟ್ಟಿದ್ದು. ಅದೇ ಮುಂದೆ ನನ್ನ ಸಂಶೋಧನೆಯ ವಿಷಯವಾಯಿತು.

2019ರಲ್ಲಿ ರಿಜಿಸ್ಟರ್ ಮಾಡಿಸಿದೆ. ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಪಾಸಾಗಿತ್ತು, ಅದೇ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದವರಿಗೆ ಸಂಶೋಧನೆಗೆ ತಿಂಗಳು ತಿಂಗಳು ದುಡ್ಡು ಕೊಡುವ ಫೆಲೋಶಿಪ್ ಜೆಆರ್‌ಎಫ್ ಸಿಕ್ಕಿರಲಿಲ್ಲ. ಅಂದರೆ ಓದಲು ಸೀಟಿದೆ, ತಿನ್ನಲು ದುಡ್ಡಿಲ್ಲ. ಒಂದು ಸಂದರ್ಶನಕ್ಕೆ ಹೋದೆ. ಅಲ್ಲೊಬ್ಬರು, "ಅಡಿಕೆ ಸುಲಿಯೋದರಲ್ಲಿ ಲಿಂಗ ಸಮಾನತೆ ಏನು ಬಂತು? ಬೇರೆ ವಿಷಯ ತಗೊಳ್ಳಮ್ಮ" ಅಂದರು. ಅವತ್ತು ಬಸ್ಸಿನಲ್ಲಿ ಇಡೀ ದಾರಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ.

ಆಗ ಕೈ ಹಿಡಿದವರು ನಮ್ಮ ಅಕ್ಕೋರು. ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿಗೆ ನನಗೆ ಕಲಿಸಿದವರು. ಅವರೂ ಅವರ ಜೊತೆ ನಿವೃತ್ತರಾದ ಇನ್ನು ನಾಲ್ವರು ಶಿಕ್ಷಕಿಯರೂ ಸೇರಿ ಪೆನ್ಷನ್ನಿನಲ್ಲಿ ಸ್ವಲ್ಪ ಸ್ವಲ್ಪ ತೆಗೆದಿಟ್ಟು ಓದುವ ಹೆಣ್ಣುಮಕ್ಕಳಿಗೆ ಕೊಡುತ್ತಾರೆ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಮೊದಲ ತಿಂಗಳು ಲಕೋಟೆಯಲ್ಲಿ ಆರು ಸಾವಿರ ಕೊಟ್ಟರು. ಒಳಗೊಂದು ಚೀಟಿ: "ಇದು ಪುಸ್ತಕಕ್ಕಲ್ಲ. ಊಟಕ್ಕೆ, ಬಸ್ಸಿಗೆ. ಪುಸ್ತಕಕ್ಕೆ ಬೇರೆ ಕೇಳು." ಲೆಕ್ಕ ಕೊಡಬೇಕಾ ಅಕ್ಕೋರೆ ಅಂತ ಕೇಳಿದೆ. "ಓದ್ತಾ ಇದ್ದೀಯಲ್ಲ, ಅದೇ ಲೆಕ್ಕ" ಅಂದರು. ಮೂವತ್ತಾರು ತಿಂಗಳು, ಒಂದು ತಿಂಗಳೂ ತಪ್ಪಲಿಲ್ಲ. ಒಟ್ಟು 2,16,000 ರೂಪಾಯಿ. ನನ್ನ ಜೊತೆ ಶುರು ಮಾಡಿದ ಇಬ್ಬರು ಗೆಳತಿಯರು ಆ ಮೂರು ವರ್ಷದಲ್ಲೇ ಬಿಟ್ಟು ಕೆಲಸಕ್ಕೆ ಸೇರಿದರು. ಇಬ್ಬರೂ ನನಗಿಂತ ಚುರುಕು. ಅವರಿಗೊಬ್ಬ ಅಕ್ಕೋರು ಇರಲಿಲ್ಲ, ಅಷ್ಟೇ ವ್ಯತ್ಯಾಸ. ಅವರನ್ನು ನೆನೆಯದೆ ಈ ಥ್ಯಾಂಕ್ಸ್ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಬ್ಬರ ಹೆಸರೂ ನನಗೆ ಗೊತ್ತಿಲ್ಲ. ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಮನೆಯವರ ದಾಖಲೆ ಬೇಕಿತ್ತು, ಅವ್ವನ ಹೆಬ್ಬೆಟ್ಟು ಬೇಕಿತ್ತು. ಜನವರಿ, ಸುಲಿಯುವ ಕೆಲಸ ಜೋರಾಗಿದ್ದ ಸಮಯ. ಹಸಿ ಅಡಿಕೆಯ ಚೊಗರು ಹತ್ತಿ ಅವ್ವನ ಬೆರಳು ಉಗುರಿನ ಬುಡದವರೆಗೂ ಕಪ್ಪಾಗಿರುತ್ತದೆ. ಹೆಬ್ಬೆರಳ ಗೆರೆಗಳಂತೂ ಸವೆದು ನುಣ್ಣಗಾಗಿವೆ. ಯಂತ್ರ ಹಿಡಿಯಲಿಲ್ಲ. ಹತ್ತೂ ಬೆರಳು ಇಟ್ಟು ನೋಡಿದ್ದಾಯಿತು. "ಕೈ ತೊಳೆದುಕೊಂಡು ಬಾ" ಅಂದರು. ಅವ್ವ ಹೊರಗೆ ನಲ್ಲಿಯ ಹತ್ತಿರ ಕೂತು ಮಣ್ಣು ಹಚ್ಚಿ ತಿಕ್ಕಿದಳು, ತಿಕ್ಕಿದಳು. ಮತ್ತೆ ಇಟ್ಟರೂ ಬರಲಿಲ್ಲ. ಮೂರು ದಿನ ಹೀಗೇ ಓಡಾಡಿದೆವು, ಮೂರು ದಿನದ ಸುಲಿಗೂಲಿ ಹೋಯಿತು. ಕೊನೆಗೆ ಬೇರೆ ಕಡೆ ಒಬ್ಬ ಹುಡುಗಿ, "ಅಮ್ಮಾ, ಬೆರಳು ಬೇಡ, ಕಣ್ಣು ತೋರಿಸಿ" ಅಂದು ಕಣ್ಣು ಹಿಡಿಯುವ ಯಂತ್ರ ತಂದಳು. ಒಂದೇ ಸಲಕ್ಕೆ ಆಯಿತು. ಅರ್ಜಿಯ ಕೊನೆ ದಿನ ಅಷ್ಟರಲ್ಲಿ ದಾಟಿತ್ತು. ಆದರೂ ಅವ್ವ ಅವತ್ತು ತಲೆ ಎತ್ತಿ ಹೊರಗೆ ಬಂದಳು. ಆ ಹುಡುಗಿ ಇದನ್ನು ಓದುತ್ತಿದ್ದರೆ, ನಿನ್ನನ್ನು ನಾವು ಮನೆಯಲ್ಲಿ ಎಷ್ಟು ಸಲ ನೆನೆದಿದ್ದೇವೆ ಗೊತ್ತಾ!

ಈ ನಡುವೆ ಮಗಳು ಹುಟ್ಟಿದಳು. ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ನಮ್ಮ ಗೈಡ್ ಮೇಡಂ ನಿಯಮದ ಪ್ರತಿ ತೆಗೆದು ಮುಂದಿಟ್ಟರು. ಪಿಎಚ್‌.ಡಿ. ಮಾಡುವ ಹೆಂಗಸರಿಗೆ 240 ದಿನದ ತನಕ ಹೆರಿಗೆ ಮತ್ತು ಮಗುವಿನ ಆರೈಕೆಗೆ ರಜೆ ಇದೆ, ಕೊನೆಯ ಗಡುವಿನ ಮೇಲೆ ಎರಡು ವರ್ಷದ ಸಡಿಲಿಕೆಯೂ ಇದೆ. "ಇದು ಯಾರ ಉಪಕಾರವೂ ಅಲ್ಲ, ಹೆದರದೆ ತಗೋ" ಅಂದರು. ಓದಿದವರ ಮನೆಯಲ್ಲಿ ಇಂಥದ್ದೆಲ್ಲ ಊಟದ ಹೊತ್ತಿಗೆ ಸುಮ್ನೆ ಕಿವಿಗೆ ಬೀಳುತ್ತದೆ. ನಮ್ಮಂಥ ಮನೆಯ ಮೊದಲ ತಲೆಮಾರಿಗೆ ಯಾರಾದರೂ ಹೇಳಬೇಕು.

ಜೆಆರ್‌ಎಫ್ ಆಸೆ ನಾನು ಬಿಟ್ಟೇ ಬಿಟ್ಟಿದ್ದೆ, ವಯಸ್ಸು ಮೂವತ್ತು ದಾಟಿತ್ತು. ಹೆಂಗಸರಿಗೆ ಐದು ವರ್ಷದ ವಿನಾಯಿತಿ ಇದೆ ಎಂದು ಹೇಳಿದ್ದೂ ಮೇಡಂ. 2022ರಲ್ಲಿ ಮತ್ತೆ ಪರೀಕ್ಷೆ ಬರೆದೆ, ಸಿಕ್ಕಿತು. 2023ರ ಜನವರಿಯಿಂದ ಜೆಆರ್‌ಎಫ್ ಮೊತ್ತ ತಿಂಗಳಿಗೆ 31,000ದಿಂದ 37,000 ರೂಪಾಯಿ ಆಯಿತು. ಆ ದುಡ್ಡಿನಲ್ಲಿ ಮೊದಲು ಮಾಡಿದ ಕೆಲಸ, ಅಕ್ಕೋರಿಗೆ ಫೋನು: "ಇನ್ನು ನನಗೆ ಬೇಡ, ಬೇರೆಯವಳಿಗೆ ಕೊಡಿ." ಎರಡನೆಯದು, ಮಗಳನ್ನು ನೋಡಿಕೊಳ್ಳಲು ಅತ್ತೆಯ ಜೊತೆಗೆ ಒಬ್ಬರನ್ನು ಇಟ್ಟದ್ದು. ಆಮೇಲೆ ಬರೆಯಲು ದಿನಕ್ಕೆ ನಾಲ್ಕು ತಾಸು ಸಿಕ್ಕಿತು. ಫೆಲೋಶಿಪ್ ಅಂದರೆ ನನ್ನ ಪಾಲಿಗೆ ಆ ನಾಲ್ಕು ತಾಸು.

2023ರ ಜೂನ್ 11ರಿಂದ ನಮ್ಮ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ನನ್ನ ಖರ್ಚಿನ ಪುಸ್ತಕದಲ್ಲಿ ಅವತ್ತಿನಿಂದ ಬಸ್ಸಿನ ಕಾಲಂ ಖಾಲಿ. ಸಿದ್ದಾಪುರ, ಯಲ್ಲಾಪುರದ ಕಡೆಯ ಹಳ್ಳಿಗಳಿಗೆ ಎರಡನೇ ಸಲ, ಮೂರನೇ ಸಲ ಹೋಗಿ ಬರಲು ಆಗಿದ್ದು ಇದರಿಂದಲೇ.

ಇನ್ನು ಸುಲಿಯುವ ಅಕ್ಕಂದಿರು. ಹಗಲು ಅವರಿಗೆ ಪುರುಸೊತ್ತಿಲ್ಲ, ರಾತ್ರಿ ಸುಲಿಯುವಾಗಲೇ ನಾನು ಹೋಗಿ ಕೂರುತ್ತಿದ್ದೆ. ನನ್ನ ಮಗಳನ್ನು ಅಲ್ಲೇ ಗೋಣಿಚೀಲದ ಮೇಲೆ ಮಲಗಿಸಿ ಒಬ್ಬರು ಕಾಲಿನಲ್ಲಿ ತಟ್ಟುತ್ತಾ ಕೈಯಲ್ಲಿ ಸುಲಿಯುತ್ತಿದ್ದರು. ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಿದಿರಿ ಎಂದು ಕೇಳಿದರೆ, "ಏನೂ ಇಲ್ಲ, ಮನೆಯಲ್ಲೇ ಇದ್ದೆ" ಅನ್ನುವುದು ಮೊದಲ ಉತ್ತರ. ಆಮೇಲೆ ಒಂದೊಂದೇ ಹೊರಗೆ ಬರುತ್ತಿತ್ತು: ಕೊಟ್ಟಿಗೆ, ನೀರು, ಸೊಪ್ಪು, ಅಡುಗೆ, ಮಾವನ ಔಷಧಿ. ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97. 2024ರಲ್ಲಿ ಮತ್ತೆ ಎಣಿಸಿದಾಗ 289 ಮತ್ತು 88. ಐದು ವರ್ಷಕ್ಕೆ ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು, ಗಂಡಸರಿಗೆ ಒಂಬತ್ತು! ಈ ಅಂಕಿಯನ್ನು ಸುಲಿಯುವ ಕಳದಲ್ಲಿ ಓದಿ ಹೇಳಿದಾಗ ಒಬ್ಬ ಅಕ್ಕ ಕತ್ತಿ ನಿಲ್ಲಿಸಿ, "ನಮ್ಮನ್ನೂ ಎಣಿಸ್ತಾರಾ?" ಅಂತ ಕೇಳಿದರು. ಪ್ರಬಂಧದ ಮೂರನೇ ಅಧ್ಯಾಯ ಅವರ ಆ ಮಾತಿನಿಂದಲೇ ಶುರುವಾಗುತ್ತದೆ.

ಈಗ ಅರ್ಜಿ ಹಾಕುತ್ತಿರುವ ತಂಗಿಯರಿಗೆ ಒಂದು ಮಾತು. ಜೆಆರ್‌ಎಫ್ ಒಂದನ್ನೇ ನಂಬಿ ಕೂರಬೇಡಿ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಬೇರೆ ಬೇರೆ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಮನೆಗೆ ಒಬ್ಬಳೇ ಮಗಳಾದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್ ಇದೆ. ಸಮಾಜ ವಿಜ್ಞಾನದವರು ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ (ಐಸಿಎಸ್‌ಎಸ್‌ಆರ್) ಫೆಲೋಶಿಪ್ ನೋಡಿ. ಆದಾಯ ಪ್ರಮಾಣಪತ್ರ ಕೊಯ್ಲಿಗೆ ಮೊದಲೇ ಮಾಡಿಸಿಕೊಳ್ಳಿ. ಫಾರ್ಮ್ ತುಂಬಲು ಗೊತ್ತಾಗದಿದ್ದರೆ ನಮ್ಮ ಮನೆಗೆ ಬನ್ನಿ, ಒಟ್ಟಿಗೆ ಕೂತು ತುಂಬೋಣ.

ಪ್ರಬಂಧದ ಒಂದು ಪ್ರತಿ ಈಗ ನಮ್ಮ ಮನೆಯಲ್ಲಿದೆ. ಮೊನ್ನೆ ಅವ್ವ ತನ್ನ ದಿನಚರಿ ಇರುವ ಪುಟ ಓದಿಸಿದಳು. ಪೂರ್ತಿ ಕೇಳಿ, "ಸೊಪ್ಪು ತರೋಕೆ ಒಂದು ತಾಸು ಅಂತ ಬರೆದಿದ್ದೀಯ, ಒಂದೂವರೆ ಆಗ್ತದೆ" ಅಂದಳು. ಪೆನ್ಸಿಲಿನಲ್ಲಿ ತಿದ್ದಿದ್ದೇನೆ. ಅಕ್ಕೋರೆ, ಮೇಡಂ, ಸುಲಿಯುವ ಅಕ್ಕಂದಿರೇ, ಎಲ್ಲರೂ ಒಂದು ದಿನ ಊಟಕ್ಕೆ ಬರಲೇಬೇಕು. ದೀಪಾವಳಿಯ ಒಳಗೆ ಬನ್ನಿ, ಆಮೇಲೆ ಕೊಯ್ಲು ಶುರುವಾದರೆ ಅವ್ವನಿಗೆ ಪುರುಸೊತ್ತಿರುವುದಿಲ್ಲ.