ಮನೆತನದ ಬಿಸಿನೆಸ್ ಸ್ಕೂಲ್: ಸೀಟಿಗಿಂತ ಮೊದಲು ಮೇಷ್ಟ್ರು ಬೆಳೆಯಲಿ

ಮಾನ್ಯ ಸಂಪಾದಕರೇ,

ಖಾಸಗಿ ಬಿಸಿನೆಸ್ ಸ್ಕೂಲ್‌ಗಳ ಚರ್ಚೆ ಶುರುವಾದರೆ ಸಾಕು, ಶುಲ್ಕದ ಸುತ್ತಲೇ ತಿರುಗಿ ಅಲ್ಲೇ ಮುಗಿಯುತ್ತದೆ. ಒಂದೇ ಕುಟುಂಬದ ಹಿಡಿತದಲ್ಲಿದ್ದರೆ ಲಾಭಕೋರತನ ಎನ್ನುವವರು ಒಂದು ಕಡೆ, ಖಾಸಗಿಯವರು ಮುಂದೆ ಬರದಿದ್ದರೆ ಸೀಟೆಲ್ಲಿತ್ತು ಎನ್ನುವವರು ಇನ್ನೊಂದು ಕಡೆ. ಇಂಥ ಸಂಸ್ಥೆ ಹೇಗೆ ಹುಟ್ಟುತ್ತದೆ, ಯಾವ ಹಂತದಲ್ಲಿ ಮುಗ್ಗರಿಸುತ್ತದೆ ಎಂಬ ವಿವರ ಎರಡೂ ಕಡೆಯವರ ಮಾತಿನಲ್ಲಿ ಇರುವುದಿಲ್ಲ. ಕುಟುಂಬ ನಡೆಸಿದ ಮಾತ್ರಕ್ಕೆ ಸಂಸ್ಥೆ ಕೆಡುತ್ತದೆ ಎಂದೇನಿಲ್ಲ. ಮನೆಯ ಲೆಕ್ಕದೊಂದಿಗೆ ಸಂಸ್ಥೆಯ ಲೆಕ್ಕ ಬೆರೆತಾಗ, ಮೇಷ್ಟ್ರ ಸಂಖ್ಯೆಗಿಂತ ಸೀಟಿನ ಸಂಖ್ಯೆ ಮುಂದೆ ಓಡಿದಾಗ ಕೆಡುತ್ತದೆ.

ವಾಣಿಜ್ಯ ಶಿಕ್ಷಣ ಮೊದಲು ಕಣ್ಣುಬಿಟ್ಟದ್ದೇ ಖಾಸಗಿಯವರ ಕೈಯಲ್ಲಿ. ಜಗತ್ತಿನ ಅತಿ ಹಳೆಯ ಬಿಸಿನೆಸ್ ಸ್ಕೂಲ್ ಎನಿಸಿಕೊಂಡಿರುವ ಪ್ಯಾರಿಸ್‌ನ ಇಎಸ್‌ಸಿಪಿ 1819ರಲ್ಲಿ ಖಾಸಗಿಯಾಗಿಯೇ ಆರಂಭವಾಯಿತು. 1830ರಿಂದ 1854ರಲ್ಲಿ ತೀರಿಕೊಳ್ಳುವವರೆಗೂ ಅರ್ಥಶಾಸ್ತ್ರಜ್ಞ ಅಡಾಲ್ಫ್ ಬ್ಲಾಂಕಿ ಅದನ್ನು ಮುನ್ನಡೆಸಿದರು. 1869ರಲ್ಲಿ ಅದು ಪ್ಯಾರಿಸ್ ವಾಣಿಜ್ಯ ಮಂಡಳಿಯ ಕೈ ಸೇರಿತು. ಅಮೆರಿಕದಲ್ಲಿ ಬ್ರಯಂಟ್ ಸಹೋದರರು ಮತ್ತು ಹೆನ್ರಿ ಸ್ಟ್ರಾಟನ್ 1850ರ ದಶಕದಲ್ಲಿ ಲೆಕ್ಕಪತ್ರ, ಬರವಣಿಗೆ, ವ್ಯಾಪಾರ ಕಾನೂನು ಕಲಿಸುವ ಕಾಲೇಜುಗಳ ಸರಪಳಿಯನ್ನೇ ಕಟ್ಟಿದರು. ನಗರದಿಂದ ನಗರಕ್ಕೆ ಹಬ್ಬಿದ ಆ ಸರಪಳಿ 1867ರಲ್ಲಿ ಸ್ಟ್ರಾಟನ್ ತೀರಿಕೊಂಡ ಮೇಲೆ ಬಿಡಿಬಿಡಿಯಾಗಿ ಸ್ಥಳೀಯ ಪಾಲುದಾರರ ಪಾಲಾಯಿತು. ಅದರ ಒಂದು ಶಾಖೆಯಾಗಿ 1863ರಲ್ಲಿ ಪ್ರಾವಿಡೆನ್ಸ್‌ನಲ್ಲಿ ತೆರೆದದ್ದೇ ಇಂದಿನ ಬ್ರಯಂಟ್ ವಿಶ್ವವಿದ್ಯಾಲಯ. ಸರಪಳಿ ಕಳಚಿಕೊಂಡರೂ ತನ್ನ ಕಾಲ ಮೇಲೆ ನಿಂತ ಶಾಖೆಗಳು ಬದುಕಿದವು. ಉದ್ಯಮಿ ಜೋಸೆಫ್ ವಾರ್ಟನ್ ಬೇರೆಯೇ ದಾರಿ ಹಿಡಿದರು: 1881ರಲ್ಲಿ ಒಂದು ಲಕ್ಷ ಡಾಲರ್ ದತ್ತಿಯನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಕೊಟ್ಟರು, ಆಡಳಿತವನ್ನು ವಿಶ್ವವಿದ್ಯಾಲಯವೇ ನೋಡಿಕೊಂಡಿತು. ಸ್ವಂತ ಸಂಸ್ಥೆ ಕಟ್ಟಲು ಹೊರಟ ಕುಟುಂಬ ಈ ಮೂರನೆಯ ದಾರಿಯನ್ನೂ ಒಮ್ಮೆ ಗಂಭೀರವಾಗಿ ಯೋಚಿಸುವುದು ಒಳ್ಳೆಯದು. ಹಣವಿದ್ದು ಪುರುಸೊತ್ತಿಲ್ಲದವರಿಗೆ ಅದೇ ಸರಿಯಾದ ದಾರಿ.

ಸ್ವಂತದ್ದೇ ಬೇಕೆಂದು ನಿಶ್ಚಯಿಸಿದರೆ, ನಿರ್ಧಾರದಿಂದ ಮೊದಲ ತರಗತಿಯವರೆಗೆ 18ರಿಂದ 24 ತಿಂಗಳು ಇಟ್ಟುಕೊಳ್ಳಬೇಕು. ಮೊದಲ ಪ್ರಶ್ನೆ, ಪ್ರಮಾಣಪತ್ರ ಯಾರ ಹೆಸರಿನಲ್ಲಿ? ವಿಶ್ವವಿದ್ಯಾಲಯದ ಸಂಯೋಜನೆ ಪಡೆದರೆ ಪದವಿಗೆ ಬೆಲೆ ಬೇಗ ಸಿಗುತ್ತದೆ, ಆದರೆ ಪಠ್ಯಕ್ರಮ, ಪರೀಕ್ಷೆ, ಫಲಿತಾಂಶದ ದಿನಾಂಕ ಯಾವುದೂ ನಿಮ್ಮ ಕೈಯಲ್ಲಿರುವುದಿಲ್ಲ. ಸ್ವಂತ ಡಿಪ್ಲೊಮಾ ಕೊಟ್ಟರೆ ಪಠ್ಯ ನಿಮ್ಮದೇ, ಹೆಸರು ಮಾತ್ರ ಸೊನ್ನೆಯಿಂದ ಕಟ್ಟಬೇಕು. ಬೇರೆ ವಿಶ್ವವಿದ್ಯಾಲಯದ ಪದವಿಯನ್ನು ಒಪ್ಪಂದದ ಮೇಲೆ ಕೊಡುವುದು ಇನ್ನೊಂದು ಬಗೆ. ಎಡವುವುದು ಹೆಚ್ಚಾಗಿ ಇಲ್ಲೇ. ಪಾಲುದಾರ ವಿಶ್ವವಿದ್ಯಾಲಯ ಹಿಂದೆ ಸರಿದರೆ ಅರ್ಧ ಓದಿದ ವಿದ್ಯಾರ್ಥಿಗಳ ಗತಿ ಏನು ಎಂಬ ಷರತ್ತು ಒಪ್ಪಂದದಲ್ಲಿ ಇಲ್ಲದಿದ್ದರೆ ಸಹಿ ಹಾಕಬಾರದು. ಪ್ರವೇಶ ಪಡೆದ ಕೊನೆಯ ವಿದ್ಯಾರ್ಥಿ ಪದವಿ ಪಡೆಯುವವರೆಗೆ ಒಪ್ಪಂದ ಜಾರಿಯಲ್ಲಿರುತ್ತದೆ ಎಂದು ಬರೆಸಿಕೊಳ್ಳಲೇಬೇಕು.

ಮೊದಲ ತರಗತಿಗೆ ಕನಿಷ್ಠ ಒಂದು ವರ್ಷ ಮುಂಚೆ ನಿರ್ದೇಶಕರು ಬಂದಿರಬೇಕು, ಆರು ತಿಂಗಳು ಮುಂಚೆ ಮುಖ್ಯ ಬೋಧಕರು. ಕಟ್ಟಡ ಏಳುವುದನ್ನು ನೋಡುತ್ತಾ ಕುಳಿತು, ಪ್ರವೇಶ ಮುಗಿದ ಮೇಲೆ ಬೋಧಕರನ್ನು ಹುಡುಕಲು ಹೊರಟರೆ ಸಿಗುವವರು ಬೇರೆಡೆ ಕೆಲಸ ಸಿಗದವರು. ಮೊದಲ ಎರಡು ಬ್ಯಾಚಿನಲ್ಲಿ ಹತ್ತಿದ ಹೆಸರು ಹತ್ತು ವರ್ಷ ಬಿಡುವುದಿಲ್ಲ.

ಸೀಟು ಮತ್ತು ಬೋಧಕರ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 60 ವಿದ್ಯಾರ್ಥಿಗಳ ಒಂದು ಸೆಕ್ಷನ್, ಎರಡು ವರ್ಷದ ಕೋರ್ಸ್ ಎಂದುಕೊಳ್ಳಿ. ಮೊದಲ ವರ್ಷ 12 ಕಡ್ಡಾಯ ವಿಷಯ. ಎರಡನೆಯ ವರ್ಷ 4 ಕಡ್ಡಾಯ, ಜೊತೆಗೆ 12 ಐಚ್ಛಿಕ. ಎರಡೂ ವರ್ಷದ ತರಗತಿಗಳು ಒಟ್ಟಿಗೆ ನಡೆಯುವಾಗ ವರ್ಷಕ್ಕೆ 28 ವಿಷಯ ಕಲಿಸಬೇಕು. ಪಾಠವನ್ನು ಕಾಯಂ ಬೋಧಕರೇ ಮಾಡಬೇಕೆಂಬುದಕ್ಕೆ ಒಂದು ಒಳ್ಳೆಯ ಅಳತೆಗೋಲು ಇದೆ. 1916ರಲ್ಲಿ ಹುಟ್ಟಿದ ಎಎಸಿಎಸ್‌ಬಿ ಎಂಬ ಮಾನ್ಯತಾ ಸಂಸ್ಥೆಯ 2020ರ ಮಾನದಂಡದಲ್ಲಿ, ಸಂಸ್ಥೆಯ ಕೆಲಸದಲ್ಲಿ ಪೂರ್ತಿ ತೊಡಗಿಸಿಕೊಂಡ ಬೋಧಕರು ಒಟ್ಟು ಪಾಠದ ಶೇ 75ರಷ್ಟನ್ನು, ಪ್ರತಿ ವಿಷಯ ವಿಭಾಗದಲ್ಲಿ ಶೇ 60ರಷ್ಟನ್ನು ಹೊರಬೇಕು ಎಂಬ ನಿರೀಕ್ಷೆ ಇತ್ತು. 28ರಲ್ಲಿ ಶೇ 75 ಎಂದರೆ 21 ವಿಷಯ. ಒಬ್ಬರು ವರ್ಷಕ್ಕೆ ನಾಲ್ಕು ವಿಷಯ ಕಲಿಸಿ, ಉಳಿದ ಸಮಯ ಸಂಶೋಧನೆ, ಮೌಲ್ಯಮಾಪನ, ಪ್ರಾಜೆಕ್ಟ್ ಮಾರ್ಗದರ್ಶನಕ್ಕೆ ಕೊಟ್ಟರೆ ಕಾಗದದ ಮೇಲೆ ಆರು ಮಂದಿ ಸಾಕು.

ಆದರೆ ಆರು ಸಾಲದು. ಹಣಕಾಸು ಮತ್ತು ಲೆಕ್ಕಶಾಸ್ತ್ರ, ಮಾರುಕಟ್ಟೆ, ಮಾನವ ಸಂಪನ್ಮೂಲ, ಉತ್ಪಾದನಾ ನಿರ್ವಹಣೆ, ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಎಂದು ಐದು ವಿಷಯ ವಿಭಾಗ ಹಿಡಿದರೂ ನಾಲ್ಕರಲ್ಲಿ ಒಬ್ಬೊಬ್ಬರೇ ಇದ್ದಂತಾಯಿತು. ಸೆಮಿಸ್ಟರ್ ನಡುವೆ ಅವರಲ್ಲೊಬ್ಬರು ರಾಜೀನಾಮೆ ಕೊಟ್ಟರೆ ಆ ವಿಭಾಗವೇ ಖಾಲಿ, ಮಾರನೆಯ ದಿನದಿಂದ ಅತಿಥಿ ಉಪನ್ಯಾಸಕರ ಬೇಟೆ. ಹಾಗಾಗಿ ವಿಭಾಗಕ್ಕೆ ಇಬ್ಬರಂತೆ ಹತ್ತು ಮಂದಿ ಎಂಬುದೇ ನಿಜವಾದ ಕನಿಷ್ಠ. 60 ಸೀಟಿಗೆ ಇದು ದುಬಾರಿಯೇ, ಒಪ್ಪಬೇಕು. ಸಂಸ್ಥೆಗಳು 120 ಸೀಟಿಗೆ ಹಾತೊರೆಯುವುದು ಅದಕ್ಕೇ. ಎರಡನೆಯ ಸೆಕ್ಷನ್ ಬಂದರೆ ಕಡ್ಡಾಯ ವಿಷಯಗಳನ್ನು ಎರಡೆರಡು ಸಲ ಕಲಿಸಬೇಕು: 32 ಕಡ್ಡಾಯ, 12 ಐಚ್ಛಿಕ, ಒಟ್ಟು 44. ಅದರ ಶೇ 75 ಅಂದರೆ 33. ಅದಕ್ಕೆ ಒಂಬತ್ತು ಮಂದಿ ಬೇಕು, ಹತ್ತು ಮಂದಿ ಈಗಾಗಲೇ ಇದ್ದಾರೆ. ಅಂದರೆ 60ರಿಂದ 120ಕ್ಕೆ ಹೋಗುವುದು ನ್ಯಾಯವಾದ ಬೆಳವಣಿಗೆ. ಕೆಡುವುದು ಅದರ ಮುಂದಿನ ಹೆಜ್ಜೆಯಲ್ಲಿ. ಅದೇ ಹತ್ತು ಮಂದಿಯನ್ನಿಟ್ಟುಕೊಂಡು 240ಕ್ಕೆ ಹಾರಿದರೆ ಕಡ್ಡಾಯ ವಿಷಯಗಳೇ 64 ಆಗುತ್ತವೆ. ಆಗ ಒಬ್ಬೊಬ್ಬರ ತಲೆಗೆ ಆರೇಳು ವಿಷಯ ಬೀಳುತ್ತದೆ. ಕಂಪನಿಗಳ ನಿಜ ಉದಾಹರಣೆ ಹಿಡಿದು ನಡೆಸುವ ಕೇಸ್ ಚರ್ಚೆಯ ಜಾಗಕ್ಕೆ ಸ್ಲೈಡ್ ಓದುವ ಪಾಠ ಬರುತ್ತದೆ, ಪ್ರಾಜೆಕ್ಟ್ ವರದಿಗಳನ್ನು ಯಾರೂ ತೆರೆದು ನೋಡುವುದಿಲ್ಲ, ಒಳ್ಳೆಯ ಬೋಧಕರು ಮೊದಲು ಹೊರಡುತ್ತಾರೆ. ಮೊದಲ ಬ್ಯಾಚು ಪೂರ್ತಿ ಓದಿ ಹೊರಬಿದ್ದು ಒಂದು ವರ್ಷವಾಗುವ ತನಕ ಸೀಟು ಹೆಚ್ಚಿಸಬಾರದು ಎಂಬ ನಿಯಮವನ್ನು ಸಂಸ್ಥೆ ತಾನೇ ಹಾಕಿಕೊಳ್ಳಬೇಕು.

ಇನ್ನು ಹಣ. ಶುಲ್ಕ ವರ್ಷಾರಂಭದಲ್ಲೇ ಬರುತ್ತದೆ, ಕೆಲವೆಡೆ ಎರಡು ವರ್ಷದ್ದೂ ಒಟ್ಟಿಗೆ. ಖಾತೆಯಲ್ಲಿ ದೊಡ್ಡ ಮೊತ್ತ ಕಂಡ ಕೂಡಲೇ ಅದು ಲಾಭದಂತೆ ತೋರುತ್ತದೆ. ಅದು ಇನ್ನೂ ಕಲಿಸದ ಪಾಠದ ಹಣ, ಲೆಕ್ಕಪತ್ರದಲ್ಲಿ ಹೊಣೆಗಾರಿಕೆಯ ಕಡೆ ಕೂರಬೇಕಾದದ್ದು. ಕುಟುಂಬದ ಬೇರೆ ವ್ಯಾಪಾರಕ್ಕೆ ತುರ್ತು ಬಂದಾಗ ಈ ಮೊತ್ತದಿಂದ ಕೈಗಡ ಹೋಗುತ್ತದೆ. ಮುಂದಿನ ವರ್ಷ ಪ್ರವೇಶ ಕುಸಿದರೆ ಸಂಬಳ ನಿಲ್ಲುತ್ತದೆ. ಎರಡನೆಯ ವರ್ಷದ ಶುಲ್ಕ ಪ್ರತ್ಯೇಕ ಖಾತೆಯಲ್ಲಿರಬೇಕು, ತಿಂಗಳಿಗೆ ಇಷ್ಟು ಎಂದು ಮಾತ್ರ ಹೊರಬರಬೇಕು, ತೆಗೆಯಲು ಕುಟುಂಬದವರಲ್ಲದ ಒಬ್ಬರ ಸಹಿಯೂ ಬೇಕು. ಇದಲ್ಲದೆ ಆರು ತಿಂಗಳ ಸಂಬಳದಷ್ಟು ಮೀಸಲು.

ಹಣ ಸೋರುವ ಇನ್ನೊಂದು ದಾರಿ ಜಮೀನು. ಸಾಮಾನ್ಯವಾಗಿ ಜಮೀನು, ಕಟ್ಟಡ ಕುಟುಂಬದ ಕಂಪನಿಯ ಹೆಸರಿನಲ್ಲಿ, ಸಂಸ್ಥೆ ಬಾಡಿಗೆದಾರ. ಅಷ್ಟರಿಂದಲೇ ಅಪರಾಧವಾಗುವುದಿಲ್ಲ. ಆದರೆ ವರ್ಷ ವರ್ಷ ಬಾಡಿಗೆ ಏರಿಸಿ ಸಂಸ್ಥೆಯ ಹಣವನ್ನು ಮನೆಗೆ ಸಾಗಿಸುವುದು ಇಲ್ಲಿಂದಲೇ. ಹಾಸ್ಟೆಲ್, ಕ್ಯಾಂಟೀನ್, ವಾಹನ, ಮುದ್ರಣದ ಗುತ್ತಿಗೆಗಳೂ ನೆಂಟರಿಗೆ ಹೋಗುವುದು ಹೀಗೆಯೇ. ಜಮೀನು, ಕಟ್ಟಡದ ಬಾಡಿಗೆ ಕರಾರು ಕನಿಷ್ಠ 15 ವರ್ಷದ್ದಾಗಿರಲಿ, ಬಾಡಿಗೆಯನ್ನು ಹೊರಗಿನ ಮೌಲ್ಯಮಾಪಕರು ನಿಗದಿ ಮಾಡಲಿ, ಸಂಬಂಧಿಕರ ಜೊತೆಗಿನ ಪ್ರತಿ ವ್ಯವಹಾರವೂ ವಾರ್ಷಿಕ ವರದಿಯಲ್ಲಿ ಮೊತ್ತದ ಸಮೇತ ಅಚ್ಚಾಗಲಿ.

ಆಡಳಿತ ಮಂಡಳಿಯಲ್ಲಿ ಒಂಬತ್ತು ಮಂದಿ ಇದ್ದರೆ ಕುಟುಂಬದವರು ಮೂವರು ಸಾಕು, ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷತೆ ಹೊರಗಿನವರಿಗೆ. ಪ್ರವೇಶ ಪಟ್ಟಿ, ಅಂಕಪಟ್ಟಿ, ಬೋಧಕರ ಆಯ್ಕೆ ಈ ಮೂರಕ್ಕೂ ಕುಟುಂಬ ಕೈ ಹಾಕಬಾರದು. ಅಧ್ಯಕ್ಷರ ಕೊಠಡಿಯಿಂದ ಬಂದ ಒಂದು ಚೀಟಿಗೆ ಪ್ರವೇಶ ಸಮಿತಿ ತಲೆಬಾಗಿತೆಂದರೆ ಇಡೀ ಕ್ಯಾಂಪಸ್ಸಿಗೆ ಸಂಜೆಯೊಳಗೆ ಗೊತ್ತಾಗುತ್ತದೆ, ಅದಾದ ಮೇಲೆ ನಿರ್ದೇಶಕರ ಮಾತಿಗೆ ತೂಕವಿಲ್ಲ. ನಿರ್ದೇಶಕರಿಗೆ ಐದು ವರ್ಷದ ಅವಧಿ, ಲಿಖಿತ ಅಧಿಕಾರ, ತೆಗೆದುಹಾಕಲು ಮಂಡಳಿಯ ಮೂರನೇ ಎರಡು ಮತ ಬೇಕೆಂಬ ನಿಯಮ ಇರಲಿ. ಕುಟುಂಬ ಮಾಡಬೇಕಾದ ಕೆಲಸ ಬೇರೆಯೇ ಇದೆ: ಮೊದಲ ಏಳೆಂಟು ವರ್ಷ ಲಾಭ ಕೇಳದೆ ಬಂಡವಾಳ ಹಾಕುವುದು, ಉದ್ಯಮಗಳ ಬಾಗಿಲು ತೆರೆಸುವುದು. ಬೇರೆ ಯಾರೂ ಇಷ್ಟು ತಾಳ್ಮೆಯಿಂದ ಹಣ ಹಾಕುವುದಿಲ್ಲ. ಮನೆತನದ ಸಂಸ್ಥೆಗಳ ಬಗ್ಗೆ ನಮಗೆ ಗೌರವವಿರುವುದು ಈ ಕಾರಣಕ್ಕೆ.

ಅಂತರರಾಷ್ಟ್ರೀಯ ಮಾನ್ಯತೆಯನ್ನು ಜಾಹೀರಾತಿನ ಲಾಂಛನವೆಂದು ತಿಳಿದವರೇ ಹೆಚ್ಚು. ಎಎಸಿಎಸ್‌ಬಿ ಇರಲಿ, 1997ರಲ್ಲಿ ಶುರುವಾದ ಯುರೋಪಿನ ಇಕ್ವಿಸ್ ಇರಲಿ, ಅರ್ಹತಾ ಅರ್ಜಿ, ಸ್ವಯಂ ಮೌಲ್ಯಮಾಪನ ವರದಿ, ಬೇರೆ ಸಂಸ್ಥೆಗಳ ಹಿರಿಯರ ತಂಡದ ಭೇಟಿ ಇವನ್ನು ದಾಟಲು ಹಲವು ವರ್ಷ ಹಿಡಿಯುತ್ತದೆ. ಇಕ್ವಿಸ್ ಸಿಕ್ಕರೂ ಮೂರು ಅಥವಾ ಐದು ವರ್ಷಕ್ಕೆ ಮಾತ್ರ, ಮತ್ತೆ ಪರೀಕ್ಷೆ. ‘ಸದಸ್ಯತ್ವ’ ಬೇರೆ, ‘ಮಾನ್ಯತೆ’ ಬೇರೆ. ಶುಲ್ಕ ಕಟ್ಟಿ ಸದಸ್ಯರಾದ ಕೂಡಲೇ ಲಾಂಛನ ಹಾಕಿಕೊಳ್ಳುವವರಿದ್ದಾರೆ. ಮಾನ್ಯತೆ ಪಡೆದವರ ಪಟ್ಟಿ ಆಯಾ ಸಂಸ್ಥೆಯ ಜಾಲತಾಣದಲ್ಲೇ ಸಿಗುವುದರಿಂದ ಪೋಷಕರು ನೋಡಿಕೊಳ್ಳುವುದು ಕಷ್ಟವಲ್ಲ.

ಎರಡನೆಯ ತಲೆಮಾರಿನ ವಿಷಯ ಎಲ್ಲಕ್ಕಿಂತ ಸೂಕ್ಷ್ಮ. ಮಗನನ್ನೋ ಮಗಳನ್ನೋ ಓದು ಮುಗಿದ ಕೂಡಲೇ ಉಪನಿರ್ದೇಶಕರ ಕುರ್ಚಿಯಲ್ಲಿ ಕೂರಿಸಿದರೆ, ಇಪ್ಪತ್ತು ವರ್ಷ ಪಾಠ ಮಾಡಿದವರು ಅವರ ಮುಂದೆ ರಜೆ ಅರ್ಜಿ ಹಿಡಿದು ನಿಲ್ಲಬೇಕಾಗುತ್ತದೆ. ಮೊದಲು ಹೊರಗೆ ನಾಲ್ಕೈದು ವರ್ಷ ದುಡಿದು ಬರಲಿ. ಪಾಠ ಮಾಡುವ ಆಸೆಯಿದ್ದರೆ ಪಿಎಚ್‌ಡಿ ಮಾಡಿ ಎಲ್ಲರಂತೆ ಆಯ್ಕೆ ಸಮಿತಿಯ ಮುಂದೆ ಕೂರಲಿ, ಇಲ್ಲವಾದರೆ ಮಂಡಳಿಯಲ್ಲಿ ಇರಲಿ. ಅಣ್ಣತಮ್ಮಂದಿರ ನಡುವೆ ಪಾಲಾದರೆ ಸಂಸ್ಥೆಯನ್ನು ಒಡೆಯುವಂತಿಲ್ಲ ಎಂದು ಟ್ರಸ್ಟ್ ಪತ್ರದಲ್ಲೇ, ಸ್ಥಾಪಕರು ಬದುಕಿರುವಾಗಲೇ ಬರೆದಿಡಬೇಕು. ಪಾಲು ಹಂಚುವ ಹೊತ್ತಿಗೆ ಹಿರಿಯರ ಮಾತು ಯಾರಿಗೂ ಒಂದೇ ತೆರನಾಗಿ ನೆನಪಿರುವುದಿಲ್ಲ.

ಕೊನೆಯದಾಗಿ, ಪತ್ರಿಕೆಯಲ್ಲಿ ಒಂದು ಕೋರಿಕೆ. ಪ್ರವೇಶದ ಕಾಲದಲ್ಲಿ ‘ಶೇ 94 ಪ್ಲೇಸ್‌ಮೆಂಟ್’ ಎಂಬ ಸುದ್ದಿಗಳು ಪ್ರಕಟವಾಗುತ್ತವೆ. ಈ ಅಂಕಿ ಹುಟ್ಟುವುದು ಹೀಗೆ: 60 ಮಂದಿಯ ಬ್ಯಾಚಿನಲ್ಲಿ 12 ಮಂದಿಯನ್ನು ‘ಅರ್ಹರಲ್ಲ’ ಅಥವಾ ‘ಕೆಲಸ ಬೇಡವೆಂದರು’ ಎಂದು ಬದಿಗಿಟ್ಟು, ಉಳಿದ 48ರಲ್ಲಿ 45 ಮಂದಿಗೆ ಕೆಲಸ ಸಿಕ್ಕಿತೆಂದು ಬರೆಯುತ್ತಾರೆ. ಇಡೀ ಬ್ಯಾಚಿನ ಲೆಕ್ಕ ಹಿಡಿದರೆ ಅದು ಶೇ 75. ಸರಾಸರಿ ಸಂಬಳವೂ ಹಾಗೆಯೇ. ಒಬ್ಬರಿಗೆ ಸಿಕ್ಕ ಭಾರೀ ಮೊತ್ತ ಉಳಿದವರ ಅಂಕಿಯನ್ನೂ ಎತ್ತಿ ತೋರಿಸುತ್ತದೆ. ಇಂಥ ಸುದ್ದಿ ಪ್ರಕಟಿಸುವಾಗ ಒಟ್ಟು ವಿದ್ಯಾರ್ಥಿಗಳ ಸಂಖ್ಯೆ, ಕೆಲಸ ಒಪ್ಪಿಕೊಂಡವರ ಸಂಖ್ಯೆ, ಸಂಬಳದ ಪಟ್ಟಿಯಲ್ಲಿ ನಟ್ಟನಡುವೆ ಬರುವ ಮೊತ್ತ, ಕಾಯಂ ಬೋಧಕರ ಸಂಖ್ಯೆ ಈ ನಾಲ್ಕನ್ನೂ ಸಂಸ್ಥೆಯಿಂದ ಕೇಳಿ ಪಡೆದು ಜೊತೆಗೆ ಹಾಕಬೇಕೆಂದು ವಿನಂತಿ. ಕೊಡಲು ಒಪ್ಪದಿದ್ದರೆ, ಕೊಡಲಿಲ್ಲ ಎಂದು ಒಂದು ಸಾಲು ಬರೆದರೂ ಓದುಗರಿಗೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ನಿರ್ವಹಣಾ ಶಿಕ್ಷಣ ಕ್ಷೇತ್ರದ ಓದುಗರು